ತಾಂಪೆರೆಯ ಒಣ ಗಾಳಿಯಲ್ಲಿ ಹತ್ತು ದಿನ

ವಿದ್ಯಾರಣ್ಯಪುರಂ, ಹೊರಡುವ ವಾರ

ಇಪ್ಪತ್ತೆಂಟು ವರ್ಷಗಳಿಂದ ನಾನು ಗಾಜು ತೊಳೆಯುತ್ತಿದ್ದೇನೆ. ಮೈಸೂರಿನ ಒಂದು ಸಂಶೋಧನಾ ವಿಭಾಗದ ಪ್ರಯೋಗಾಲಯದಲ್ಲಿ ಸಹಾಯಕಿ. ದಾಖಲೆಯಲ್ಲಿ ವಿಶಾಲಾಕ್ಷಿ, ಎಲ್ಲರ ಬಾಯಲ್ಲಿ ವಿಶಾಲಮ್ಮ. ಬಿ.ಎಸ್ಸಿ. ಮುಗಿಸಿ ಸೇರಿದವಳು, ಇನ್ನೆರಡು ವರ್ಷಕ್ಕೆ ನಿವೃತ್ತಿ. ಇಷ್ಟು ವರ್ಷಗಳಲ್ಲಿ ನಾನು ಹೋದ ಅತಿ ದೂರದ ಊರು ತಿರುಪತಿ. ಅಂಥ ನನ್ನನ್ನು ಹೋದ ಫೆಬ್ರವರಿಯಲ್ಲಿ ಒಬ್ಬಳನ್ನೇ ಫಿನ್ಲೆಂಡಿಗೆ ಕಳಿಸಿದರು. ಯಾಕೆ ಕಳಿಸಿದರು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ವಿಭಾಗದಲ್ಲಿ ನಂದಿನಿ ಎಂಬ ಹುಡುಗಿ ಇದ್ದಾಳೆ. ಈಗ ಡಾಕ್ಟರ್ ನಂದಿನಿ, ಪಾಠ ಮಾಡುವ ಮೇಡಂ. ನಾನೂ ಎದುರಿಗೆ ಮೇಡಂ ಎನ್ನಬೇಕು, ಆದರೆ ಬಾಯಿಗೆ ಬರುವುದು 'ಕಣಮ್ಮ'. ಅವಳ ಸಂಶೋಧನೆ ಪೆರೋವ್‌ಸ್ಕೈಟ್ ಸೌರಕೋಶದ ಮೇಲೆ. ಪೆರೋವ್‌ಸ್ಕೈಟ್ ಎಂದರೆ ಒಂದು ಬಗೆಯ ಹರಳು. ಅದರ ದ್ರಾವಣವನ್ನು ಗಾಜಿನ ಮೇಲೆ ತೆಳ್ಳಗೆ ಬಳಿದು ಕಾಯಿಸಿದರೆ ಕಪ್ಪು ಪದರವಾಗುತ್ತದೆ; ಅದರ ಮೇಲೆ ಬೆಳಕು ಬಿದ್ದರೆ ವಿದ್ಯುತ್ತು ಹುಟ್ಟುತ್ತದೆ. ಹುಟ್ಟಿದ್ದು ಕೆಳಗಿರುವ ತವರದ ಆಕ್ಸೈಡಿನ ಪದರಕ್ಕೆ ದಾಟಿ ಹೊರಗೆ ಹರಿಯಬೇಕು. ತೊಂದರೆ ಇರುವುದೇ ಆ ಗಡಿಯಲ್ಲಿ. ಎರಡು ಪದರಗಳು ಸರಿಯಾಗಿ ಅಂಟಿಕೊಳ್ಳದಿದ್ದರೆ ಹುಟ್ಟಿದ ವಿದ್ಯುತ್ತು ಅಲ್ಲೇ ಸೋರಿಹೋಗುತ್ತದೆ.

ನಂದಿನಿಯ ಅಪ್ಪ ಬೋಗಾದಿಯವರು, ಗಾರೆ ಮೇಸ್ತ್ರಿ. ಅವರ ರಾಗಿ ಹೊಲದ ಮೇಲೆ ಎದ್ದ ಬಡಾವಣೆಯ ಮನೆಗಳಿಗೇ ಗಾರೆ ಮಾಡಿ ಮಗಳನ್ನು ಓದಿಸಿದವರು. ನುಣ್ಣನೆಯ ಕಾಂಕ್ರೀಟಿಗೆ ಪ್ಲಾಸ್ಟರ್ ಹಿಡಿಯುವುದಿಲ್ಲ. ಉಳಿ ತೆಗೆದುಕೊಂಡು ಮೊದಲು ಅದಕ್ಕೆ ಕಚ್ಚು ಹೊಡೆಯಬೇಕು. ಅಪ್ಪ ಹಾಗೆ ಹೊಡೆಯುವುದನ್ನು ಚಿಕ್ಕಂದಿನಿಂದ ನೋಡಿದ್ದ ನಂದಿನಿ, ತವರದ ಪದರಕ್ಕೂ ಕಚ್ಚು ಹೊಡೆದರೆ ಏನಾಗುತ್ತದೆ ಎಂದು ಯೋಚಿಸಿದಳು. ಇಲ್ಲಿ ಉಳಿ ನಡೆಯುವುದಿಲ್ಲ. ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಸೂಜಿಗಳನ್ನು ಆ ಪದರದ ಮೇಲೆ ತಾವಾಗಿ ಬೆಳೆಯುವಂತೆ ಮಾಡಬೇಕು. ಎರಡು ವರ್ಷ ಒದ್ದಾಡಿ ಮಾಡಿದೆವು. ಯೋಚನೆ ಅವಳದು, ಕೈ ನನ್ನದು. ಕಪ್ಪು ಪದರ ಆ ಸೂಜಿಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು, ಸೋರಿಕೆ ನಿಂತಿತು, ಕೋಶದ ದಕ್ಷತೆ ನಾವು ಊಹಿಸದಷ್ಟು ಏರಿತು. ಅವಳ ಲೇಖನ ಹೊರದೇಶದ ಪತ್ರಿಕೆಯಲ್ಲಿ ಬಂದ ದಿನ ವಿಭಾಗಕ್ಕೆಲ್ಲ ಜಹಾಂಗೀರು ಹಂಚಿದ್ದೆವು.

ಆಮೇಲೆ ತಾಂಪೆರೆ ಎಂಬ ಊರಿನ ಪ್ರಯೋಗಾಲಯದಿಂದ ಪತ್ರ ಬಂತು. ನಿಮ್ಮ ವಿಧಾನವನ್ನು ಅಕ್ಷರಶಃ ಅನುಸರಿಸಿದೆವು, ಹಲವು ತಿಂಗಳಾಯಿತು, ಒಂದು ಸೂಜಿಯೂ ಬೆಳೆಯಲಿಲ್ಲ. ಯಾರಾದರೂ ಬಂದು ಮಾಡಿ ತೋರಿಸಲು ಸಾಧ್ಯವೇ? ಆಗದಿದ್ದರೆ ಪತ್ರಿಕೆಗೆ ತಿಳಿಸಬೇಕಾಗುತ್ತದೆ. ಭಾಷೆ ಬಹಳ ಮೃದು, ಆದರೆ ಅರ್ಥ ಎಲ್ಲರಿಗೂ ತಿಳಿಯಿತು. ಮೈಸೂರಿನ ಆ ಹುಡುಗಿ ಅಂಕಿಗಳನ್ನು ಕಟ್ಟಿ ಬರೆದಳೋ ಏನೋ ಎಂಬ ಅನುಮಾನ.

ನಂದಿನಿಗೆ ಆಗ ಎಂಟು ತಿಂಗಳು. ವಿಮಾನ ಹತ್ತುವ ಮಾತೇ ಇರಲಿಲ್ಲ. ಅವಳು ನನ್ನ ಮೇಜಿನ ಹತ್ತಿರ ಬಂದು ಸ್ಟೂಲಿನ ಮೇಲೆ ಕೂತಳು.

"ವಿಶಾಲಮ್ಮ, ನೀವೇ ಹೋಗ್ಬೇಕು."

"ನಾನಾ? ನಂಗೆ ಇಂಗ್ಲಿಷ್ನಲ್ಲಿ ಸರಿಯಾಗಿ ಜಗಳ ಆಡಕ್ಕೂ ಬರಲ್ಲ ಕಣಮ್ಮ."

"ಮಾತಾಡೋದು ಬೇಡ. ಮಾಡಿ ತೋರ್ಸಿ ಬನ್ನಿ ಸಾಕು. ನನ್ನ ಕೈಲಿ ಮಾಡಿದ್ರೆ ಹತ್ತಕ್ಕೆ ಎರಡು ಬರುತ್ತೆ. ನಿಮ್ಮ ಕೈಲಿ ಆದ್ರೆ ಏಳೋ ಎಂಟೋ." ಅವಳ ಕಣ್ಣು ತುಂಬಿತ್ತು. "ನಾನು ಸುಳ್ಳು ಬರ್ದಿಲ್ಲ ಅಂತ ನಿಮಗೊಬ್ಬರಿಗೇ ಪೂರ್ತಿ ಗೊತ್ತಿರೋದು."

ವಿದ್ಯಾರಣ್ಯಪುರಂನ ಮನೆಯಲ್ಲಿ ನಮ್ಮ ಯಜಮಾನರು ಕಡಕೊಳದ ಕಾರ್ಖಾನೆಯಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ಅವರು ಅಲ್ಲಿ ಎಲೆಕ್ಟ್ರಿಷಿಯನ್. ವಿಷಯ ಕೇಳಿ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಅಂದರು: "ಹೋಗ್ಬುಟ್ಟು ಬಾ. ಕರೆಂಟ್ ಕೆಲ್ಸ ಅಂದ್ರೆ ನಾನೊಬ್ನೇ ಅಂತ ಇಷ್ಟ್ ದಿನ ಮೆರೀತಿದ್ದೆ, ಇನ್ಮೇಲೆ ಸುಮ್ನಿರ್ತೀನಿ."

ಹೆಲ್ಸಿಂಕಿಯಿಂದ ರೈಲಿನಲ್ಲಿ

ನನ್ನ ಕೈಚೀಲದಲ್ಲಿ ಚಟ್ನಿಪುಡಿ, ಕೋಡುಬಳೆ, ಮತ್ತು ನಾನೇ ತೊಳೆದು ಒಣಗಿಸಿದ ಗಾಜಿನ ತುಂಡುಗಳ ಒಂದು ಡಬ್ಬಿ ಇದ್ದವು. ಅವರ ಗಾಜಿನಲ್ಲೇ ದೋಷವಿದ್ದರೆ ಎಂದು ನಮ್ಮ ಗಾಜನ್ನು ಒಯ್ದಿದ್ದೆ. ಡಬ್ಬಿಯೊಳಗೆ ಹಳೆಯ ಹತ್ತಿ ಸೀರೆಯ ತುಂಡು ಸುತ್ತಿದ್ದೆ. ಹೆಲ್ಸಿಂಕಿಯ ಅಧಿಕಾರಿ ಅದನ್ನು ಬಿಚ್ಚಿ, ಒಂದೊಂದೇ ತುಂಡನ್ನು ಬೆಳಕಿಗೆ ಹಿಡಿದು, "ಬಹಳ ಶುಭ್ರವಾಗಿದೆ" ಎಂದ. ನನ್ನ ಕೆಲಸವನ್ನು ಆ ದೇಶದಲ್ಲಿ ಮೊದಲು ಮೆಚ್ಚಿದವನು ಅವನೇ.

ರೈಲಿನಲ್ಲಿ ಕೂತವಳೇ ಮನೆಗೆ ಫೋನ್ ಮಾಡಿದೆ. ನಾವು ಮಾತಾಡುವುದು ನಿಮಗೆ ಗೊತ್ತಲ್ಲ; ದೂರ ಹೆಚ್ಚಾದಷ್ಟೂ ದನಿಯೂ ಹೆಚ್ಚುತ್ತದೆ. "ರೀ, ಬಂದ್ಬುಟ್ಟೆ ಕಣ್ರೀ! ಹಿಮ ಕಣ್ರೀ! ಎಲ್ಲಿ ನೋಡಿದ್ರೂ ಹಿಮ!" ಎಂದು ನಾನು ಕೂಗುತ್ತಿದ್ದರೆ ಬೋಗಿಯಲ್ಲಿದ್ದವರೆಲ್ಲ ತಮ್ಮ ತಮ್ಮ ಮಡಿಲು ನೋಡಿಕೊಳ್ಳುತ್ತಿದ್ದರು. ಕೊನೆಗೆ ಒಬ್ಬ ಅಜ್ಜಿ ಎದ್ದು ಬಂದು, ಕಿಟಕಿಯ ಮೇಲಿನ ಚಿತ್ರವನ್ನು ಬೆರಳಿನಿಂದ ತೋರಿಸಿ, ನಕ್ಕು, ವಾಪಸು ಹೋಗಿ ಕೂತರು. ತುಟಿಯ ಮೇಲೆ ಬೆರಳಿಟ್ಟ ಚಿತ್ರ. ಅದು ಸದ್ದು ಮಾಡಬಾರದ ಬೋಗಿಯಂತೆ. ಬಯ್ಯಲಿಲ್ಲ, ದೂರು ಕೊಡಲಿಲ್ಲ. ಮುಂದಿನ ಎರಡು ಗಂಟೆ ನಾನು ಕೋಡುಬಳೆಯನ್ನೂ ಕಚ್ಚಲಿಲ್ಲ, ಸದ್ದಾದೀತೆಂದು ಬಾಯಲ್ಲೇ ಇಟ್ಟುಕೊಂಡು ಕರಗಿಸಿದೆ.

ನಿಲ್ದಾಣದಲ್ಲಿ ನನ್ನನ್ನು ಕರೆದೊಯ್ಯಲು ಬಂದವರು ಆ ಪ್ರಯೋಗಾಲಯದ ಸಹಾಯಕಿ. ನನ್ನ ವಯಸ್ಸು, ನನಗಿಂತ ಒಂದೂವರೆ ಅಡಿ ಎತ್ತರ, ಕತ್ತರಿಸಿದ ಬೂದುಗೂದಲು. ಹೆಸರು ಮರ್ಯಾ. ಕೊನೆಗೊಂದು 'ದೆ' ಸೇರಿಸಿದರೆ ನಮ್ಮ ಮರ್ಯಾದೆ ಎಂದು ಮನಸ್ಸಿನಲ್ಲೇ ನೆನಪಿಟ್ಟುಕೊಂಡೆ. ಅವರ ಇಂಗ್ಲಿಷೂ ನನ್ನಷ್ಟೇ. ಇಬ್ಬರಿಗೂ ಬರುವ ಪದಗಳು ಕಮ್ಮಿ ಇದ್ದದ್ದರಿಂದ ನಮ್ಮ ನಡುವೆ ಒಂದು ದಿನವೂ ಅಪಾರ್ಥವಾಗಲಿಲ್ಲ.

ಮೊದಲ ದಿನ

ಪ್ರಯೋಗಾಲಯದ ಬಾಗಿಲಿಗೆ ಹತ್ತು ಹೆಜ್ಜೆ ಇದೆ ಎನ್ನುವಾಗ ಜಾರಿದೆ. ಹಿಮದ ಕೆಳಗೆ ಗಾಜಿನಂಥ ಮಂಜುಗಡ್ಡೆ ಇರುತ್ತದೆಂದು ನನಗೆ ಹೇಗೆ ಗೊತ್ತಾಗಬೇಕು? ಬೀಳುವಾಗ ಕೈಯೂರುವುದು ಬಿಟ್ಟು ಡಬ್ಬಿಯನ್ನು ಎದೆಗವಚಿಕೊಂಡೆ. ಮೊಣಕೈ ತರಚಿತು, ಗಾಜು ಒಂದೂ ಒಡೆಯಲಿಲ್ಲ. ಎತ್ತಲು ಓಡಿಬಂದವರಲ್ಲಿ ಅವರ ಪ್ರೊಫೆಸರೂ ಇದ್ದರು. ನನ್ನನ್ನು ನಿಲ್ಲಿಸಿ, ಡಬ್ಬಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ತಲೆಯಾಡಿಸಿ ಒಳಗೆ ಹೋದರು. ಆ ಮನುಷ್ಯನ ಸ್ವಾಗತ ಭಾಷಣ ಅಷ್ಟೇ.

ಒಳಗೆ ಎಲ್ಲವೂ ಹೊಳೆಯುತ್ತಿತ್ತು. ಧೂಳು ಎಂಬ ಪದಾರ್ಥವೇ ಇಲ್ಲ. ಹೊರಗೆ ಮೈಕೊರೆಯುವ ಚಳಿ, ಒಳಗೆ ಹೀಟರಿನ ಶಾಖ. ಬಾಗಿಲ ಹಿಡಿ ಮುಟ್ಟಿದರೆ ಚಟ್ ಎಂದು ಬೆರಳಿಗೆ ಸಣ್ಣ ಶಾಕ್ ಹೊಡೆಯುತ್ತಿತ್ತು. ಮೂರನೆಯ ಸಲಕ್ಕೆ ಸೆರಗಿನಿಂದ ಹಿಡಿದು ತೆಗೆಯಲು ಕಲಿತೆ.

ಮೇಜಿನ ಮೇಲೆ ನಂದಿನಿಯ ವಿಧಾನವನ್ನು ಹೆಜ್ಜೆ ಹೆಜ್ಜೆಯಾಗಿ ಅಚ್ಚು ಹಾಕಿ ಅಂಟಿಸಿದ್ದರು. ಗಾಜಿನ ಮೇಲೆ ತವರದ ದ್ರಾವಣದ ಹನಿ ಬಿಡಬೇಕು. ಬುಗುರಿಯಂತೆ ತಿರುಗುವ ಯಂತ್ರದ ಮೇಲಿಟ್ಟು ತೆಳ್ಳಗೆ ಹರಡಬೇಕು. ಎಂಟು ನಿಮಿಷ ಗಾಳಿಯಲ್ಲಿ ಬಿಡಬೇಕು. ಆಮೇಲೆ ಬಿಸಿ ತಟ್ಟೆಯ ಮೇಲೆ ಕಾಯಿಸಬೇಕು. ಆ ಎಂಟು ನಿಮಿಷದಲ್ಲೇ ಸೂಜಿಗಳು ಮೊಳೆಯುವುದು. ಐದಾರು ಜನ ನನ್ನ ಸುತ್ತ ನಿಂತರು. ಒಬ್ಬರು ವಿಡಿಯೊ ಮಾಡುತ್ತಿದ್ದರು. ಮೈಸೂರಿನಲ್ಲಿ ರೇಡಿಯೊ ಕೇಳುತ್ತ ಮಾಡುವ ಕೆಲಸವನ್ನು ನಾನು ಪರೀಕ್ಷೆ ಬರೆಯುವ ಹುಡುಗಿಯಂತೆ ಹಾಳೆ ನೋಡಿ ನೋಡಿ ಮಾಡಿದೆ. ಒಂದಕ್ಷರ ತಪ್ಪಬಾರದು ಎಂದು ಗಡಿಯಾರ ನೋಡಿ ಎಂಟು ನಿಮಿಷ ಎಣಿಸಿದೆ.

ಸಂಜೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿಟ್ಟರು. ಪರದೆಯ ಮೇಲೆ ಬಂದದ್ದು ಸೆಗಣಿ ಸಾರಿಸಿದ ಅಂಗಳದಂಥ ನುಣ್ಣನೆಯ ನೆಲ. ಒಂದು ಸೂಜಿ ಇಲ್ಲ.

"ನಾಳೆ" ಎಂದರು ಪ್ರೊಫೆಸರ್.

ಶುಕ್ರವಾರ

ನಾಳೆಯೂ ಆಗಲಿಲ್ಲ, ನಾಡಿದ್ದೂ ಆಗಲಿಲ್ಲ. ಅವರ ಗಾಜು, ನಮ್ಮ ಗಾಜು, ಹೊಸ ದ್ರಾವಣ, ಹಳೆಯ ದ್ರಾವಣ, ಎಲ್ಲದರಲ್ಲೂ ಅದೇ ನುಣುಪು. ಅಂಥ ಪದರದ ಮೇಲೆ ಕಟ್ಟಿದ ಕೋಶವನ್ನು ಕೃತಕ ಬಿಸಿಲಿನ ದೀಪದ ಕೆಳಗಿಟ್ಟರೆ ಪರದೆಯಲ್ಲಿ ಒಂದು ಗೆರೆ ಬರುತ್ತದೆ. ಒಳ್ಳೆಯ ಕೋಶದ ಗೆರೆ ಮೇಜಿನ ಹಲಗೆಯಂತೆ ಸಮನಾಗಿ ಹೋಗಿ ಅಂಚಿನಲ್ಲಿ ಥಟ್ಟನೆ ಇಳಿಯುತ್ತದೆ. ನಾನು ಮಾಡಿದವುಗಳ ಗೆರೆ ಮೊದಲಿಂದಲೇ ಚಾಮುಂಡಿ ಬೆಟ್ಟದ ಇಳಿಜಾರಿನಂತೆ ಜಾರುತ್ತಿತ್ತು.

ಊರಿನಲ್ಲಾದರೆ ಯಾರಾದರೂ ರೇಗುತ್ತಿದ್ದರು, ಇನ್ನೊಬ್ಬರು ಸಮಾಧಾನ ಮಾಡುತ್ತಿದ್ದರು, ಆಮೇಲೆ ಎಲ್ಲರೂ ಕ್ಯಾಂಟೀನಿಗೆ ಹೋಗುತ್ತಿದ್ದೆವು. ಇಲ್ಲಿ ಯಾರೂ ಏನೂ ಅನ್ನಲಿಲ್ಲ. ವಿಡಿಯೊ ಮಾಡುತ್ತಿದ್ದವರು ಬರುವುದು ನಿಲ್ಲಿಸಿದರು. ಶುಕ್ರವಾರ ಮಧ್ಯಾಹ್ನ ಪ್ರೊಫೆಸರ್ ನನ್ನ ಪಕ್ಕದ ಸ್ಟೂಲಿನಲ್ಲಿ ಬಂದು ಕೂತರು.

"ಮೈಸೂರಿನ ಪದರಗಳನ್ನು ಯಾರು ಮಾಡಿದರು?"

"ನಾನೇ."

"ಎಲ್ಲವನ್ನೂ?"

"ಎಲ್ಲವನ್ನೂ."

"ಹಾಗಾದರೆ ಇಲ್ಲಿ ಯಾಕೆ ಆಗುತ್ತಿಲ್ಲ?"

ಗೊತ್ತಿಲ್ಲ ಎಂದೆ. ಅವರು ಎದ್ದು ಹೋದರು. ನನಗೆ ಅಳು ಬಂತು, ಆದರೆ ಕಣ್ಣು ಒಣಗಿ ಉರಿಯಿತೇ ಹೊರತು ನೀರು ಬರಲಿಲ್ಲ. ಬಂದ ದಿನದಿಂದಲೂ ಹಾಗೇ. ತುಟಿ ಒಡೆದಿತ್ತು, ಹಿಮ್ಮಡಿ ಬಿರುಕು ಬಿಟ್ಟಿತ್ತು, ಒಗೆದು ಹಾಕಿದ ಸೀರೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ಹಪ್ಪಳವಾಗುತ್ತಿತ್ತು. ಇದನ್ನೆಲ್ಲ ನಾನು ಪರದೇಶದ ಕಷ್ಟ ಎಂದು ಸಹಿಸಿಕೊಂಡಿದ್ದೆ.

ಕಿಟಕಿಯಾಚೆ ಅವತ್ತು ಅಪರೂಪಕ್ಕೆ ಬಿಸಿಲು ಬಂದಿತ್ತು. ಬೀದಿಯಲ್ಲಿ ಹೋಗುತ್ತಿದ್ದವರು ಅಲ್ಲಲ್ಲೇ ನಿಂತು, ಕಣ್ಣು ಮುಚ್ಚಿ, ಮುಖವನ್ನು ಸೂರ್ಯನಿಗೆ ಒಡ್ಡಿ ನಿಂತಿದ್ದರು. ಕೈ ಮುಗಿದಿರಲಿಲ್ಲ ಎನ್ನುವುದೊಂದೇ ವ್ಯತ್ಯಾಸ. ವರ್ಷದಲ್ಲಿ ಹತ್ತು ತಿಂಗಳು ಬಿಸಿಲಿಗೆ ಪರದೆ ಎಳೆದು ಕೂರುವ ಊರಿನಿಂದ ಬಂದ ನಾನು ಅದನ್ನು ನೋಡುತ್ತ ನಿಂತೆ. ಮರ್ಯಾ ಬಂದು ಹೆಗಲ ಮೇಲೆ ಕೈಯಿಟ್ಟರು.

"ನಾಳೆ ಶನಿವಾರ. ನೀವು ನನ್ನ ಮನೆಗೆ ಬರುತ್ತೀರಿ. ಸೌನಾ."

ಶನಿವಾರ, ಮರ್ಯಾಳ ಮನೆ

ಅವರ ಮನೆಯಲ್ಲೂ ಚಪ್ಪಲಿ ಬಾಗಿಲಲ್ಲೇ ಬಿಡಬೇಕು. ಅದನ್ನು ನೋಡಿ ಎಷ್ಟು ಹಾಯೆನಿಸಿತೆಂದರೆ ಆ ಒಂದು ಕ್ಷಣ ಮೈಸೂರಿನಲ್ಲೇ ಇದ್ದೇನೆ ಎನಿಸಿತು. ಕೋಡುಬಳೆ ಕೊಟ್ಟೆ, ಒಂದನ್ನು ಪೂರ್ತಿ ತಿಂದು, ಕಣ್ಣಲ್ಲಿ ನೀರು ಸುರಿಸುತ್ತ, ಇನ್ನೊಂದಕ್ಕೆ ಕೈ ಚಾಚಿದರು. ಪ್ರತಿಯಾಗಿ ಒಂದು ಕಪ್ಪು ಮಿಠಾಯಿ ಕೊಟ್ಟರು. ಬಾಯಿಗಿಟ್ಟರೆ ಉಪ್ಪು! ಮಿಠಾಯಿಗೆ ಉಪ್ಪು ಹಾಕುವ ಜನ ಜಗತ್ತಿನಲ್ಲಿದ್ದಾರೆ ಎಂದು ಇದನ್ನು ಓದುವವರು ದಯವಿಟ್ಟು ನಂಬಬೇಕು. ಉಗುಳುವಂತಿಲ್ಲ, ನುಂಗುವಂತಿಲ್ಲ. ನಗುತ್ತಲೇ ಕೆನ್ನೆಯಲ್ಲಿ ಇಟ್ಟುಕೊಂಡೆ.

ಸೌನಾ ಎಂದರೆ ಕೂತು ಬೆವರಲೆಂದೇ ಕಟ್ಟಿದ ಮರದ ಹಲಗೆಗಳ ಸಣ್ಣ ಕೋಣೆ. ಮೂಲೆಯಲ್ಲಿ ಕಾದ ಕಲ್ಲುಗಳ ಒಲೆ. ಅದರೊಳಗೆ ಬಟ್ಟೆ ತೊಟ್ಟು ಕೂರುವ ಪದ್ಧತಿ ಅವರಲ್ಲಿಲ್ಲ. ನಾನು ದೊಡ್ಡ ಟವೆಲ್ಲು ಸುತ್ತಿಕೊಂಡು ಬಾಗಿಲಲ್ಲೇ ನಿಂತೆ.

"ಇದನ್ನು ತೆಗೆಯುವುದಿಲ್ಲ" ಎಂದೆ.

"ಟವೆಲ್ಲೂ ಬರಲಿ. ಅದಕ್ಕೂ ಚಳಿಯಾಗಿರುತ್ತದೆ" ಎಂದಳು ಮರ್ಯಾ. ಅವತ್ತಿನಿಂದ ಬಹುವಚನ ತಾನಾಗಿಯೇ ಬಿಟ್ಟುಹೋಯಿತು.

ಮೇಲಿನ ಹಲಗೆಯ ಮೇಲೆ ಕೂತೆವು. ಒಣ ಸೆಕೆ, ಮೂಗು ಇನ್ನಷ್ಟು ಉರಿಯಿತು. ಆಗ ಅವಳು ಮರದ ಸೌಟಿನಲ್ಲಿ ನೀರು ತೆಗೆದು ಕಲ್ಲುಗಳ ಮೇಲೆ ಸುರಿದಳು. ಚೊಯ್ ಎಂದಿತು. ಕಣ್ಣಿಗೆ ಕಾಣದ ಹಬೆ ಮೇಲೇರಿ ಬಂದು ಮೈ ಮುಟ್ಟಿತು. ಒಡೆದ ತುಟಿ ಮೆತ್ತಗಾಯಿತು. ಐದು ದಿನಗಳಿಂದ ಬಿಗಿದುಕೊಂಡಿದ್ದ ಕೈಯ ಚರ್ಮ ಸಡಿಲವಾಯಿತು. ನಾನು ಉಸಿರೆಳೆದುಕೊಂಡು, "ಇದು ನಮ್ಮೂರಿನ ಗಾಳಿ" ಎಂದೆ.

"ಮೈಸೂರು ಇಷ್ಟು ಬಿಸಿಯೇ?"

"ಬಿಸಿಯಲ್ಲ. ನೀರು. ನಮ್ಮ ಗಾಳಿಯಲ್ಲಿ ನೀರಿರುತ್ತದೆ."

ಬಾಯಿಂದ ಮಾತು ಹೊರಟ ಮೇಲೆ ಅದರ ಅರ್ಥ ನನಗೇ ತಟ್ಟಿತು. ಅದರ ಬೆನ್ನಿಗೇ ಇನ್ನೊಂದು ನೆನಪಾಯಿತು.

ನಮ್ಮ ವಿಭಾಗದ ಪಕ್ಕದಲ್ಲಿ ಎರಡು ವರ್ಷದಿಂದ ಹೊಸ ಕಟ್ಟಡ ಏಳುತ್ತಿತ್ತು. ಕಿಟಕಿ ಎಷ್ಟು ಮುಚ್ಚಿದರೂ ಸಿಮೆಂಟಿನ ಧೂಳು ಒಳಗೆ. ಆ ಎಂಟು ನಿಮಿಷ ಪದರದ ಮೇಲೆ ಧೂಳು ಕೂರಬಾರದೆಂದು ನಾನು ಮೇಜಿನ ಮೇಲೆ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಗಾಜಿನ ತುಂಡುಗಳ ತಟ್ಟೆಯಿಟ್ಟು, ಸ್ಟೀಲಿನ ಬೋಗುಣಿ ಬೋರಲು ಹಾಕುತ್ತಿದ್ದೆ. ಮನೆಯಲ್ಲಿ ಹಿಟ್ಟಿನ ಪಾತ್ರೆ ಮುಚ್ಚಿದಷ್ಟೇ ಸಹಜವಾಗಿ. ಅದನ್ನು ಒಂದು ಹೆಜ್ಜೆ ಎಂದು ನಾನು ಎಣಿಸಿಯೇ ಇರಲಿಲ್ಲ. ನಂದಿನಿಗೆ ಹೇಳಿರಲಿಲ್ಲ. ಇಲ್ಲಿ ಧೂಳಿಲ್ಲ, ಹಾಳೆಯಲ್ಲಿ ಬೋಗುಣಿಯೂ ಇಲ್ಲ, ಹಾಗಾಗಿ ನಾನೂ ಮುಚ್ಚಲಿಲ್ಲ. ಬೋಗುಣಿಯ ಕೆಳಗೆ ಒದ್ದೆ ಬಟ್ಟೆಯಿಂದ ಏಳುತ್ತಿದ್ದ ತೇವವೇ ಆ ಸೂಜಿಗಳನ್ನು ಬೆಳೆಸುತ್ತಿತ್ತು! ಪೆರೋವ್‌ಸ್ಕೈಟಿಗೆ ನೀರೆಂದರೆ ವಿಷ. ಅದಕ್ಕೇ ಈ ವಿದ್ಯೆಯವರೆಲ್ಲ ಕೋಣೆಯನ್ನೇ ಒಣಗಿಸಿ ಇಡುತ್ತಾರೆ. ಅದರ ಕೆಳಗಿನ ಪದರಕ್ಕೆ ನೀರು ಬೇಕಾದೀತು ಎಂದು ಯಾರಿಗೂ ಹೊಳೆದಿರಲಿಲ್ಲ.

ಟವೆಲ್ಲು ಸುತ್ತಿಕೊಂಡೇ ಹೊರಗೆ ಓಡಿದೆ. ಮರ್ಯಾ ನನಗೆ ತಲೆ ಸುತ್ತಿತೇನೋ ಎಂದು ಹಿಂದೆಯೇ ಬಂದಳು. ಬಟ್ಟೆ ಹಾಕಿಕೊಂಡು ನಂದಿನಿಗೆ ಫೋನ್ ಮಾಡಿದೆ. ಮೈಸೂರಿನಲ್ಲಿ ದೀಪ ಹಚ್ಚುವ ಹೊತ್ತು. ಎಲ್ಲ ಹೇಳಿದೆ.

"ಬೋಗುಣಿನಾ?" ಎಂದಳು. "ವಿಶಾಲಮ್ಮ, ಎರಡು ವರ್ಷ! ಒಂದ್ ಮಾತು ನಂಗ್ಯಾಕೆ ಹೇಳ್ಲಿಲ್ಲ? ಜನ ನನ್ನ ಕಳ್ಳಿ ಅನ್ಕೊಂಡ್ಬುಟ್ರಲ್ಲ!"

"ತಪ್ಪಾಯ್ತು ಕಣಮ್ಮ. ಧೂಳಿಗೆ ಅಂತ ಮುಚ್ತಿದ್ದೆ. ಅದೂ ಒಂದು ವಿಷಯ ಅಂತ ನಂಗೆ ಗೊತ್ತಾಗ್ಲಿಲ್ಲ."

ಅವಳು ಮೂಗೊರೆಸಿಕೊಂಡ ಸದ್ದು.

"ನಾನು ದಿನಾ ನಿಮ್ಮ ಟೇಬಲ್ ಮುಂದೇನೇ ಓಡಾಡ್ತಿದ್ದೆ" ಎಂದಳು. "ಆ ಬೋಗುಣಿ ಅಲ್ಲೇ ಇರ್ತಿತ್ತು. ಅದರ ಕೆಳಗೆ ಏನಿದೆ ಅಂತ ಒಂದ್ ದಿನ ಎತ್ತಿ ನೋಡ್ಲಿಲ್ಲ. ನನ್ನ ಕೈಲಿ ಯಾಕೆ ಬರಲ್ಲ ಅಂತಾನೂ ಕೇಳ್ಳಿಲ್ಲ. ವಿಶಾಲಮ್ಮನ ಕೈಗುಣ ಅಂತ ಸುಮ್ನಾಗ್ಬುಟ್ಟೆ." ಆಮೇಲೆ ಅಂದಳು, "ಸೋಮವಾರ ಅವರಿಗೆ ಎಲ್ಲಾ ಹೇಳ್ಬುಡಿ. ಏನೂ ಮುಚ್ಚಿಡ್ಬೇಡಿ. ಏನಾಗುತ್ತೋ ಆಗ್ಲಿ."

ಸೋಮವಾರ

ಪ್ರೊಫೆಸರರ ಕೋಣೆಗೆ ಮರ್ಯಾಳನ್ನೂ ಜೊತೆಗೆ ಕರೆದುಕೊಂಡು ಹೋದೆ. ನಾಲ್ಕು ವಾಕ್ಯಗಳನ್ನು ಭಾನುವಾರವಿಡೀ ಬಾಯಿಪಾಠ ಮಾಡಿದ್ದೆ. ಹೇಳಿದೆ. ಒದ್ದೆ ಬಟ್ಟೆಯ ಮೇಲಿಟ್ಟು ಬೋಗುಣಿ ಮುಚ್ಚುವ ಒಂದು ಹೆಜ್ಜೆ ನಮ್ಮ ಲೇಖನದಲ್ಲಿ ಬಿಟ್ಟುಹೋಗಿದೆ. ಅದನ್ನು ಮಾಡುತ್ತಿದ್ದವಳು ನಾನು. ಅದು ಮುಖ್ಯವೆಂದು ನನಗೆ ಗೊತ್ತಿರಲಿಲ್ಲ. ಡಾಕ್ಟರ್ ನಂದಿನಿಗೂ ಗೊತ್ತಿರಲಿಲ್ಲ.

ಅವರು ಕಿಟಕಿ ನೋಡುತ್ತ ಕೂತರು. ಆಮೇಲೆ ಎದ್ದು, ಒಂದು ಕಪಾಟಿನಿಂದ ಗಾಳಿಯ ತೇವ ಅಳೆಯುವ ಮಾಪಕ ತೆಗೆದು ನನ್ನ ಕೈಗಿಟ್ಟರು.

"ಎಷ್ಟು ತೇವ?"

ಅಂಕಿ ನನಗೆ ಗೊತ್ತಿರಲಿಲ್ಲ. "ಬೋಗುಣಿ ಎತ್ತಿದಾಗ ಗಾಜಿನ ಮೇಲೆ ಮಬ್ಬು ಇರಬೇಕು. ಕನ್ನಡಿಗೆ ಉಸಿರು ಬಿಟ್ಟ ಹಾಗೆ. ನೋಡುತ್ತಿದ್ದಂತೆ ಅದು ಹಾರಿಹೋಗಬೇಕು. ಉಳಿದುಕೊಂಡರೆ ನೀರು ಹೆಚ್ಚಾಯಿತು, ಬರದೇ ಇದ್ದರೆ ಕಮ್ಮಿ" ಎಂದೆ.

ಅವರು ಅದನ್ನು ಹಾಗೆಯೇ ಬರೆದುಕೊಂಡರು.

ಬೋಗುಣಿ ಅಲ್ಲಿರಲಿಲ್ಲ. ಮರ್ಯಾ ಮುಚ್ಚಳವಿರುವ ಒಂದು ಗಾಜಿನ ಪೆಟ್ಟಿಗೆ ತಂದಳು. ಒದ್ದೆ ಬಟ್ಟೆಯನ್ನು ನಾನೇ ಹಿಂಡಿ ಹಾಸಿದೆ. ಮಾಪಕ ಒಳಗೆ ಇಟ್ಟೆವು. ನಾನು ಮಬ್ಬು ನೋಡಿ ಹೇಳುವುದು, ಅವಳು ಅಂಕಿ ಬರೆಯುವುದು. ಈ ಸಲ ನನಗೆ ಹಾಳೆ ಬೇಕಾಗಲಿಲ್ಲ. ಮಧ್ಯೆ ಯಾವಾಗಲೋ ನಾನು ಒಂದು ಹಳೆಯ ರಾಗ ಗುನುಗುತ್ತಿದ್ದೆನಂತೆ, ಮರ್ಯಾ ಆಮೇಲೆ ಹೇಳಿದಳು.

ಸಂಜೆ ಮೈಕ್ರೋಸ್ಕೋಪಿನ ಕೋಣೆಗೆ ಎಲ್ಲರೂ ಬಂದರು, ವಿಡಿಯೊ ಮಾಡುವುದನ್ನು ನಿಲ್ಲಿಸಿದವರೂ ಬಂದರು. ಪರದೆ ಮೊದಲು ಬೂದುಬೂದಾಗಿತ್ತು. ಮರ್ಯಾ ಗುಂಡಿಯನ್ನು ನಿಧಾನ ತಿರುಗಿಸಿದಳು. ಭತ್ತ ಕೊಯ್ದ ಗದ್ದೆಯಲ್ಲಿ ಕೂಳೆ ನಿಂತಿರುತ್ತದಲ್ಲ, ಹಾಗೆ, ಪರದೆಯ ಈ ಅಂಚಿನಿಂದ ಆ ಅಂಚಿನವರೆಗೆ ಸೂಜಿಗಳು ನಿಂತಿದ್ದವು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಪ್ರೊಫೆಸರ್ ಪರದೆಯ ಹತ್ತಿರ ಬಗ್ಗಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಆಮೇಲೆ ಮೇಜಿನ ಮೇಲಿದ್ದ ಪ್ರಯೋಗದ ದಾಖಲೆ ಪುಸ್ತಕವನ್ನು ನನ್ನ ಕಡೆ ಸರಿಸಿ, ಪೆನ್ನು ಕೊಟ್ಟರು.

"ಈ ಹೆಜ್ಜೆಯನ್ನು ನೀವೇ ಬರೆಯಿರಿ. ಕೆಳಗೆ ಹೆಸರು ಹಾಕಿ."

ಮೈಸೂರಿನಲ್ಲಿ ಅಂಥ ಪುಸ್ತಕವನ್ನು ನಾನು ಸಾವಿರ ಸಲ ಎತ್ತಿಟ್ಟಿದ್ದೇನೆ, ಮೇಲಿನ ಧೂಳು ಒರೆಸಿದ್ದೇನೆ. ಅಂಥದರಲ್ಲಿ ಬರೆದಿದ್ದು ಅದೇ ಮೊದಲು. ಆರು ಸಾಲು ಇಂಗ್ಲಿಷು, ಎರಡು ಕಡೆ ತಿದ್ದಿ. ಹೆಸರನ್ನು ಕನ್ನಡದಲ್ಲಿ ಹಾಕಿದೆ.

ಗುರುವಾರ

ಸೂಜಿ ಬೆಳೆದರೆ ಮುಗಿಯಲಿಲ್ಲ. ಅದರ ಮೇಲೆ ಕೋಶ ಕಟ್ಟಿ ಬೆಳಕಿಗೆ ಹಿಡಿಯಬೇಕು. ಮಂಗಳವಾರ, ಬುಧವಾರ ಅದೇ ಕೆಲಸ. ಕಪ್ಪು ಪದರವನ್ನು ಅವರ ಒಣ ಕೋಣೆಯಲ್ಲೇ ಬಳಿದೆವು. ಹನ್ನೆರಡು ಕೋಶಗಳು. ಗುರುವಾರ ಬೆಳಿಗ್ಗೆ ನಂದಿನಿಯನ್ನು ವಿಡಿಯೊದಲ್ಲಿ ಕರೆದು ಫೋನನ್ನು ಪರದೆಯ ಮುಂದೆ ನಿಲ್ಲಿಸಿದೆ. ಅವಳು ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದಳು.

ಮೊದಲ ಕೋಶದ ಗೆರೆ ಹೊರಟಿತು. ಸಮನಾಗಿ ಸಾಗಿತು, ಸಾಗಿತು, ಅಂಚಿಗೆ ಬಂದು ಥಟ್ಟನೆ ಇಳಿಯಿತು. ಎರಡನೆಯದೂ ಹಾಗೇ. ಮೂರನೆಯದೂ. ಊರಿನಲ್ಲಿ ನನ್ನ ಕೈಯಲ್ಲೂ ಹತ್ತಕ್ಕೆ ಎರಡು ಮೂರು ಕೆಡುತ್ತಿದ್ದವು, ಬೋಗುಣಿಯ ಕೆಳಗಿನ ತೇವ ಒಂದೊಂದು ದಿನ ಒಂದೊಂದು ಥರ ಇರುತ್ತಿತ್ತಲ್ಲ. ಇಲ್ಲಿ ಅಳೆದು ಇಟ್ಟ ತೇವದಲ್ಲಿ ಹನ್ನೆರಡಕ್ಕೆ ಹನ್ನೆರಡೂ ಬಂದವು. ದಕ್ಷತೆ ನಮ್ಮ ಲೇಖನದಲ್ಲಿ ಬರೆದದ್ದಕ್ಕಿಂತ ಒಂದು ಕೂದಲು ಮೇಲೆಯೇ.

"ಇನ್ನೊಂದ್ಸಲ ತೋರ್ಸಿ" ಎನ್ನುತ್ತಿದ್ದಳು ನಂದಿನಿ, ಅಳುತ್ತಲೋ ನಗುತ್ತಲೋ ತಿಳಿಯಲಿಲ್ಲ. "ಆ ಐದನೇದು ತೋರ್ಸಿ. ಅಯ್ಯೋ, ಎಷ್ಟು ಚೆನ್ನಾಗಿದೆ ವಿಶಾಲಮ್ಮ! ಹೊಟ್ಟೆ ಒಳಗೆ ಇದೂ ಒದೀತಾ ಇದೆ ನೋಡಿ."

ಪ್ರೊಫೆಸರ್ ಫೋನಿನ ಮುಂದೆ ಬಗ್ಗಿದರು. "ಡಾಕ್ಟರ್ ನಂದಿನಿ, ನಿಮ್ಮ ಯೋಚನೆ ಸರಿ ಇತ್ತು. ನಾವು ಪತ್ರಿಕೆಗೆ ಬರೆಯುತ್ತೇವೆ. ನಿಮ್ಮ ವಿಧಾನ ಇಲ್ಲಿ ನಡೆಯಿತು ಎಂದು, ಒಂದು ಹೆಜ್ಜೆ ಸೇರಿಸಬೇಕು ಎಂದು. ಆ ಬರಹದಲ್ಲಿ ವಿಶಾಲಾಕ್ಷಿಯವರ ಹೆಸರೂ ಇರಬೇಕು."

"ಇರ್ಲೇಬೇಕು" ಎಂದು ನಂದಿನಿ ಕನ್ನಡದಲ್ಲೇ ಕೂಗಿದಳು. ಅವರಿಗೆ ಅದು ಹೇಗೋ ಅರ್ಥವಾಯಿತು.

ಆಮೇಲೆ ಅವರು ನನ್ನ ಕಡೆ ತಿರುಗಿ ಒಂದೇ ಪದ ಹೇಳಿ ಹೋದರು. "ಹುವ್ಯಾ." ಏನೆಂದರು ಎಂದು ಮರ್ಯಾಳನ್ನು ಕೇಳಿದೆ. ಅವಳು ಬಾಯಿ ತೆರೆದುಕೊಂಡು ಅವರು ಹೋದ ಬಾಗಿಲನ್ನೇ ನೋಡುತ್ತಿದ್ದಳು.

"'ಚೆನ್ನಾಗಿದೆ' ಎಂದರು. ನಾನು ಹತ್ತೊಂಬತ್ತು ವರ್ಷದಿಂದ ಇಲ್ಲಿದ್ದೇನೆ. ನನಗೆ ಎರಡು ಸಲ ಹೇಳಿದ್ದಾರೆ."

ಬೀಗುವುದು ನನ್ನ ಸ್ವಭಾವವಲ್ಲ. ಆದರೆ ಅವತ್ತು ವಸತಿಗೃಹಕ್ಕೆ ನಡೆದು ಹೋಗುವಾಗ, ಹೆಪ್ಪುಗಟ್ಟಿದ ಕೆರೆಯ ದಂಡೆಯಲ್ಲಿ, ಯಾರೂ ಇಲ್ಲದ್ದನ್ನು ನೋಡಿಕೊಂಡು, ನಾನೂ ಒಂದು ಸಲ ಗಟ್ಟಿಯಾಗಿ ನನಗೇ ಹೇಳಿಕೊಂಡೆ. ಹುವ್ಯಾ.

ಹೊರಡುವ ದಿನ

ಶುಕ್ರವಾರ ಬೆಳಿಗ್ಗೆ ಟ್ಯಾಕ್ಸಿ ಹೊರಗೆ ನಿಲ್ಲಿಸಿಕೊಂಡು, ಎಲ್ಲರಿಗೂ ಹೇಳಿ ಬರೋಣವೆಂದು ಪ್ರಯೋಗಾಲಯದೊಳಕ್ಕೆ ಹೋದೆ. ಮರ್ಯಾ ಕೈಗೊಂದು ಮಾರ್ಕರ್ ಪೆನ್ನು ಕೊಟ್ಟಳು. ಅವರ ಪ್ರಯೋಗಾಲಯದಲ್ಲಿ ಪ್ರತಿಯೊಂದು ಪೆಟ್ಟಿಗೆಗೂ ಯಂತ್ರಕ್ಕೂ ಒಂದು ಹೆಸರಿರುತ್ತದೆ. ತೇವದ ಪೆಟ್ಟಿಗೆಗೆ ಇನ್ನೂ ಇಟ್ಟಿರಲಿಲ್ಲವಂತೆ, ನನ್ನನ್ನೇ ಕಾಯುತ್ತಿದ್ದರಂತೆ. ನಾನು ಹೆಚ್ಚು ಯೋಚಿಸಲಿಲ್ಲ. ಗಾಜಿನ ಮೇಲೆ ಕನ್ನಡದಲ್ಲಿ ದಪ್ಪಗೆ 'ಮೈಸೂರು' ಎಂದು ಬರೆದು, ಓದಿ ಹೇಳಿದೆ. ಅವಳು ಎರಡು ಸಲ ಹೇಳಿ ನಾಲಿಗೆ ತಿರುಗಿಸಿಕೊಂಡಳು.

ಅವರ ಭಾಷೆಯೂ ಒಂದು ವಿಷಯದಲ್ಲಿ ನಮ್ಮ ಕನ್ನಡದ ಥರವೇ. ಊರಿನ ಹೆಸರಿಗೆ ನಾವು ಕೊನೆಯಲ್ಲಿ 'ಅಲ್ಲಿ' ಅಂಟಿಸಿದಂತೆ ಅವರು 'ಸ್ಸಾ' ಅಂಟಿಸುತ್ತಾರೆ.

ಅಪ್ಪಿಕೊಂಡು ಬೀಳ್ಕೊಟ್ಟ ಮೇಲೆ ಬಾಗಿಲವರೆಗೂ ಬಂದಿದ್ದೆ. ಹಿಂದೆ ಮರ್ಯಾಳ ದನಿ ಕೇಳಿಸಿತು. ಹೊಸದಾಗಿ ಸೇರಿದ ಒಬ್ಬಳು ವಿದ್ಯಾರ್ಥಿನಿ ಗಾಜಿನ ತಟ್ಟೆ ಹಿಡಿದು ನಿಂತಿದ್ದಳು. ಮರ್ಯಾ ಅವಳಿಗೆ ಕೆಲಸ ಹೇಳಿಕೊಡುತ್ತಿದ್ದಳು.

"ಕಹ್ದೆಕ್ಸಾನ್ ಮಿನೂತ್ತಿಯಾ ಮೈಸೂರುಸ್ಸಾ."

ಮೈಸೂರಿನಲ್ಲಿ ಎಂಟು ನಿಮಿಷ. ಯಾರೂ ನನಗೆ ಅರ್ಥ ಹೇಳಬೇಕಾಗಲಿಲ್ಲ. ಆ ಹುಡುಗಿ ಮುಚ್ಚಳವೆತ್ತಿ, ತಟ್ಟೆಯನ್ನು ಮೆಲ್ಲಗೆ ಒಳಗಿಟ್ಟು, ಮುಚ್ಚಿ, ಗಡಿಯಾರ ನೋಡಿದಳು.

ಹೊರಗೆ ಟ್ಯಾಕ್ಸಿಯವನು ಕಾಯುತ್ತಿದ್ದ. ರೈಲಿಗೆ ಹೊತ್ತಾಗುತ್ತಿತ್ತು. ನಾನು ಎಂಟು ನಿಮಿಷವೂ ಅಲ್ಲೇ ನಿಂತೆ.